ಚೆನ್ನಮ್ಮನ ಕಾವಲಿ

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲುಮಾರ್ಗವು ಅರಸೀಕೆರೆಯನ್ನು ದಾಟಿದ ಬಳಿಕ ಕಡೂರನ್ನು ಮುಟ್ಟುತ್ತದೆ. ಕಡೂರಿನ ಮುಂದೆ ಬೀರೂರು. ಅಲ್ಲಿ ಮಾರ್ಗವು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಅಡಕೆ ತೋಟಗಳ ನಡುವೆ ಹಾದು ಶಿವಮೊಗ್ಗೆಗೆ ಹೋಗುತ್ತದೆ. ಇನ್ನೊಂದು ಅಜ್ಜಂಪುರ, ಶಿವನಿ, ಚಿಕ್ಕಜಾಜೂರುಗಳ ಮೇಲೆ ದಾವಣಗೆರೆಯನ್ನು ಸೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ದಾಟಿ ಕೃಷ್ಣಾ ತೀರದ ಕುಡಚಿಯನ್ನು ಕಂಡು ಮೀರಜಿನತ್ತ ಮುಂದುವರಿಯುತ್ತದೆ. ಈ ಉದ್ದನೆಯ ಹಳಿಯ ಇಕ್ಕೆಲದ ಊರುಗಳಲ್ಲಿ ಇಂದು ಯಾವುದಾದರೊಂದು ಬೀದಿಯಲ್ಲಿ ‘ದಾವಣಗೆರೆ ಬೆಣ್ಣೆದೋಸೆ’ ಎಂಬ ಫಲಕವನ್ನು ಕಾಣುವುದು ಕಷ್ಟವಲ್ಲ. ಊರು ಯಾವುದೇ ಇರಲಿ, ಫಲಕದ ಮೇಲಿನ ಹೆಸರು ಮಾತ್ರ ದಾವಣಗೆರೆಯದು. ಆ ಹೆಸರಿನ ಹಿಂದೆ ಮಕ್ಕಳನ್ನು ಸಾಕುವುದಕ್ಕಾಗಿ ನಾಟಕದ ಥಿಯೇಟರಿನ ಮುಂದೆ ಒಲೆ ಹೂಡಿ ಕುಳಿತ ಒಬ್ಬ ತಾಯಿ ಇದ್ದಾಳೆಂಬುದನ್ನು ದೋಸೆ ತಿನ್ನುವವರಲ್ಲಿ ಬಹುಮಂದಿ ಅರಿಯರು.

ಅವರ ಹೆಸರು ಚೆನ್ನಮ್ಮ. 1928ರಲ್ಲಿ ಅವರು ಬೆಳಗಾವಿ ಸೀಮೆಯ ಕುಡಚಿಯಿಂದ ತಮ್ಮ ಮಕ್ಕಳೊಡನೆ ದಾವಣಗೆರೆಗೆ ಬಂದರು. ಕುಡಚಿಗೂ ದಾವಣಗೆರೆಗೂ ನಡುವೆ ಮುನ್ನೂರು ಕಿಲೊಮೀಟರುಗಳಿಗೂ ಹೆಚ್ಚಿನ ಅಂತರವಿದೆ. ಅಂದು ದಾವಣಗೆರೆಯು ಮೈಸೂರು ಸಂಸ್ಥಾನದಲ್ಲಿತ್ತು. ಕುಡಚಿಯು ಆ ಸಂಸ್ಥಾನದ ಹೊರಗಿತ್ತು. ಆದ್ದರಿಂದ ಅವರು ಬಿಟ್ಟುಬಂದದ್ದು ಒಂದು ಊರನ್ನು ಮಾತ್ರವಲ್ಲ, ಒಂದು ಆಡಳಿತವನ್ನೂ ಹೌದು. ಆದರೆ ಮಾತು ಎರಡು ಕಡೆಯೂ ಕನ್ನಡವೇ. ಉಚ್ಚಾರದಲ್ಲಿ ಕೊಂಚ ವ್ಯತ್ಯಾಸವಿದ್ದೀತು. ಹಸಿವನ್ನು ಹೇಳಿಕೊಳ್ಳಲು ಮತ್ತು ದೋಸೆಯ ಬೆಲೆಯನ್ನು ಹೇಳಲು ಅದು ಅಡ್ಡಿಯಾಗುವಂತಹುದಲ್ಲ.

ದಾವಣಗೆರೆಯಲ್ಲಿ ಅಂದು ಸಾವಳಗಿಯವರ ನಾಟಕದ ಥಿಯೇಟರು ಇತ್ತು. ಚಲನಚಿತ್ರವು ಹಳ್ಳಿಗಳ ಜನರಿಗೆ ಇನ್ನೂ ಪರಿಚಿತವಾಗಿರದ ಆ ಕಾಲದಲ್ಲಿ ಕಂಪನಿ ನಾಟಕಗಳೇ ಜನರ ಮುಖ್ಯ ಮನೋರಂಜನೆಯಾಗಿದ್ದವು. ಕಂಪನಿಯೊಂದು ಒಂದು ಊರಿನಲ್ಲಿ ಬಿಡಾರ ಹೂಡಿತೆಂದರೆ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ರಾತ್ರಿಯ ಊಟ ಮುಗಿಸಿ ಬಂಡಿ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳ ಜನರು ಬರುತ್ತಿದ್ದರು. ನಾಟಕವು ಬೆಳಗಿನ ಜಾವದವರೆಗೂ ನಡೆಯುವುದಿತ್ತು. ರಾಜನ ಪಾತ್ರಧಾರಿಗೂ, ಅವನನ್ನು ನೋಡಲು ಬಂದ ರೈತನಿಗೂ ನಡುರಾತ್ರಿಯಲ್ಲಿ ಹಸಿವಾಗುವುದು ಸಹಜ. ಇಂತಹ ಥಿಯೇಟರಿನ ಹೊರಗೆ ಚೆನ್ನಮ್ಮನವರು ದೋಸೆ ಹುಯ್ಯಲು ಆರಂಭಿಸಿದರು. ಜಾಗದ ಆಯ್ಕೆಯಲ್ಲಿಯೇ ಅವರ ವ್ಯವಹಾರಜ್ಞಾನವು ಕಾಣುತ್ತದೆ. ಬೀದಿಯ ವ್ಯಾಪಾರಿಯು ಗಿರಾಕಿಯನ್ನು ತನ್ನಲ್ಲಿಗೆ ಕರೆಯುವಷ್ಟು ಬಲವುಳ್ಳವನಲ್ಲ. ಗಿರಾಕಿ ಇರುವೆಡೆಗೆ ಅವನೇ ಹೋಗಬೇಕು.

ಅವರು ಮೊದಲು ಮಾಡಿದ ದೋಸೆಯು ಇಂದಿನ ಬೆಣ್ಣೆದೋಸೆಯಲ್ಲ. ಅದು ರಾಗಿಯ ದೋಸೆ. ಜೊತೆಗೆ ಚಟ್ನಿ ಮತ್ತು ಪಲ್ಯ. ರಾಗಿಯು ಕಡೂರಿನಿಂದ ಚಿತ್ರದುರ್ಗದವರೆಗಿನ ಬಯಲುಸೀಮೆಯ ಬಡವರ ಧಾನ್ಯ. ಮಳೆ ಕಡಮೆಯಾದರೂ ಅದು ಪೂರ್ತಿ ಕೈಬಿಡುವುದಿಲ್ಲ. ಕಣಜದಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತದೆ. ಕಡಮೆ ಬಂಡವಾಳದಲ್ಲಿ ವ್ಯಾಪಾರವನ್ನು ತೊಡಗುವವರಿಗೆ ಇಂತಹ ಧಾನ್ಯವೇ ತಕ್ಕುದು. ಮಾರದೆ ಉಳಿದದ್ದು ಮನೆಯ ಮಕ್ಕಳ ಹೊಟ್ಟೆಗಾದರೂ ಆಗುತ್ತದೆ.

ಹತ್ತು ವರ್ಷಗಳು ಕಳೆದವು. 1938ರ ಸುಮಾರಿಗೆ ಚೆನ್ನಮ್ಮನವರ ಮಕ್ಕಳು ಕಸುಬಿನಲ್ಲಿ ದೊಡ್ಡ ಬದಲಾವಣೆಯೊಂದನ್ನು ತಂದರು. ರಾಗಿಯನ್ನು ಬಿಟ್ಟು ಅಕ್ಕಿಯ ಹಿಟ್ಟನ್ನು ಹಿಡಿದರು. ಅದಕ್ಕೆ ಮಂಡಕ್ಕಿಯನ್ನು ಸೇರಿಸಿ ರುಬ್ಬಿದರು. ಕಾವಲಿಯ ಮೇಲಿನ ದೋಸೆಗೆ ಎಣ್ಣೆಯ ಬದಲು ಬೆಣ್ಣೆಯನ್ನು ಹಾಕಿದರು. ಇಂದು ನಾವು ಬೆಣ್ಣೆದೋಸೆ ಎಂದು ಕರೆಯುವ ತಿಂಡಿಯು ಹುಟ್ಟಿದ್ದು ಹೀಗೆ. ತಾಯಿಯು ಮಾಡಿದುದನ್ನು ಇದ್ದಂತೆಯೇ ಉಳಿಸಿಕೊಳ್ಳುವುದೇ ಮಕ್ಕಳ ಕರ್ತವ್ಯವೆಂದು ಹಲವರು ಭಾವಿಸುತ್ತಾರೆ. ಚೆನ್ನಮ್ಮನವರ ಮಕ್ಕಳು ಹಾಗೆ ಭಾವಿಸಿದ್ದರೆ ದಾವಣಗೆರೆಯಲ್ಲಿ ಇಂದು ರಾಗಿದೋಸೆಯ ಅಂಗಡಿಯೊಂದು ಇದ್ದೀತು, ಅಥವಾ ಅದೂ ಇಲ್ಲದೆ ಹೋದೀತು. ಅವರು ತಾಯಿಯಿಂದ ಪಡೆದದ್ದು ಒಂದು ಪಾಕವನ್ನಲ್ಲ, ಒಲೆಯ ಮುಂದೆ ಕುಳಿತು ಗಿರಾಕಿಯ ಮುಖವನ್ನು ಓದುವ ಅಭ್ಯಾಸವನ್ನು.

ಆ ಬದಲಾವಣೆಗೆ ಕಾಲವೂ ಅನುಕೂಲವಾಗಿತ್ತು. 1930ರ ದಶಕದ ಕೊನೆಯ ವೇಳೆಗೆ ದಾವಣಗೆರೆಯು ಹತ್ತಿಯ ವ್ಯಾಪಾರದ ಊರಾಗಿದ್ದುದರ ಜೊತೆಗೆ ಗಿರಣಿಗಳ ಊರೂ ಆಗತೊಡಗಿತ್ತು. ಗಿರಣಿಯ ಕೆಲಸಗಾರನ ಕೈಯಲ್ಲಿ ಪಗಾರದ ಹಣವಿರುತ್ತದೆ. ಪಾಳಿಯ ವೇಳೆಯು ಮನೆಯ ಊಟದ ವೇಳೆಗೆ ಹೊಂದುವುದಿಲ್ಲ. ಅವನಿಗೆ ಬೇಗನೆ ಸಿಕ್ಕುವ, ಹೊಟ್ಟೆ ತುಂಬುವ ತಿಂಡಿ ಬೇಕು. ಇನ್ನು ಮಂಡಕ್ಕಿಯಂತೂ ಆ ಊರಿನದೇ ವಸ್ತು. ಸಾಲುಸಾಲಾಗಿ ಹೊಗೆಯಾಡುವ ಮಂಡಕ್ಕಿ ಭಟ್ಟಿಗಳನ್ನು ದಾವಣಗೆರೆಯಲ್ಲಿ ಇಂದಿಗೂ ಕಾಣಬಹುದು. ಮುಂದೆ, 1960ರ ದಶಕದಲ್ಲಿ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನ ನೀರು ನಾಲೆಗಳಲ್ಲಿ ಹರಿದು ದಾವಣಗೆರೆಯ ಸುತ್ತಲಿನ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಹೀಗೆ ತರೀಕೆರೆಯ ಕಾಡಿನ ಮಳೆಯು ಬಯಲಿನ ಭತ್ತವಾಗಿ, ಭತ್ತವು ಮಂಡಕ್ಕಿಯಾಗಿ ದೋಸೆಯ ಹಿಟ್ಟನ್ನು ಸೇರುತ್ತಿದೆ.

ಬೆಣ್ಣೆಯ ವಿಷಯಕ್ಕೆ ಬಂದರೆ, ಈ ನಾಡಿಗೂ ಬೆಣ್ಣೆಗೂ ಇರುವ ನಂಟು ದೋಸೆಗಿಂತಲೂ ಬಹಳ ಹಳೆಯದು. ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು 17ನೆಯ ಶತಮಾನದ ಕೊನೆಯ ಭಾಗದಲ್ಲಿ ಅರಮನೆಯ ದನಗಳ ಮೇಲ್ವಿಚಾರಣೆಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ನಡೆಸಿದರು. ಟಿಪ್ಪು ಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರನ್ನಿಟ್ಟನು. ಆ ದನಗಳು ಮೇಯುವುದಕ್ಕೆಂದು ಬಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎನ್ನುತ್ತಾರೆ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಸುತ್ತ ಅಂತಹ ಕಾವಲುಗಳು ಹಲವಿದ್ದವು. ಕೆಲವು ಇಂದೂ ಉಳಿದಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ಸಂವರ್ಧನ ಕೇಂದ್ರವಿದೆ. ಚಾವಡಿಯ ಹೆಸರಿನಲ್ಲಿ ಬೆಣ್ಣೆಯಿದ್ದರೂ ಈ ತಳಿಯು ಖ್ಯಾತಿವೆತ್ತದ್ದು ಹಾಲಿಗಾಗಿ ಅಲ್ಲ, ದುಡಿಮೆಗಾಗಿ. ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದ ಎತ್ತುಗಳಿವು. ದೋಸೆಯ ಅಂಗಡಿಗಳಿಗೆ ಬೆಣ್ಣೆಯನ್ನು ಒದಗಿಸಿದವರು ಅರಮನೆಯವರಲ್ಲ, ಒಂದೆರಡು ಎಮ್ಮೆ ಹಸುಗಳನ್ನು ಕಟ್ಟಿಕೊಂಡು, ನಸುಕಿನಲ್ಲೆದ್ದು ಮಜ್ಜಿಗೆ ಕಡೆಯುತ್ತಿದ್ದ ಹಳ್ಳಿಯ ಹೆಂಗಸರು.

ಈ ದೋಸೆಯು ಉಳಿದ ದೋಸೆಗಳಿಗಿಂತ ಬೇರೆಯಾಗುವುದು ಹೇಗೆ? ಅಕ್ಕಿಯೇ ಅದರ ಮುಖ್ಯ ವಸ್ತು. ಉದ್ದಿನಬೇಳೆಯು ಅಕ್ಕಿಯ ನಾಲ್ಕರಲ್ಲೊಂದು ಪಾಲು ಅಥವಾ ಅದಕ್ಕಿಂತಲೂ ಕಡಮೆ, ಸ್ವಲ್ಪ ಮೆಂತ್ಯ. ಇವನ್ನು ನೆನೆಹಾಕಿ, ರುಬ್ಬುವ ಹೊತ್ತಿಗೆ ತೊಯಿಸಿದ ಮಂಡಕ್ಕಿಯನ್ನು ಬೆರೆಸುತ್ತಾರೆ. ಮಂಡಕ್ಕಿಯು ಒಮ್ಮೆ ಬೆಂದು, ಮತ್ತೆ ಬಿಸಿ ಮರಳಿನಲ್ಲಿ ಅರಳಿದ ಅಕ್ಕಿ. ಅದರ ಪಿಷ್ಟವು ಈ ಮೊದಲೇ ಬೆಂದಿರುವುದರಿಂದ ನೀರನ್ನು ಬೇಗನೆ ಹೀರಿಕೊಂಡು ಹಿಡಿದಿಡುತ್ತದೆ. ದೋಸೆಯ ಒಳಭಾಗವು ಮೆತ್ತಗೆ ಉಳಿಯುವುದು ಇದರಿಂದ. ರಾತ್ರಿಯೆಲ್ಲ ಹಿಟ್ಟು ಹುದುಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿನ ಸಕ್ಕರೆಯನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಬೇಸಗೆಯಲ್ಲಿ ಈ ಕಾರ್ಯವು ಬೇಗನೆ ನಡೆಯುತ್ತದೆ. ಮಾಗಿಯ ಚಳಿಯಲ್ಲಿ ನಿಧಾನ. ಅದಕ್ಕಾಗಿ ಚಳಿಗಾಲದಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಯ ಬಳಿ ಇಡುವುದು, ಗೋಣಿಯಿಂದ ಮುಚ್ಚುವುದು ಮುಂತಾದ ಉಪಾಯಗಳು ಹುಟ್ಟಿದವು. ಸೂಕ್ಷ್ಮಜೀವಿಗಳ ಹೆಸರನ್ನು ಕೇಳಿರದ ಅಜ್ಜಿಯರು ಅವುಗಳ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಕಾದ ಕಾವಲಿಯ ಮೇಲೆ ಹಿಟ್ಟನ್ನು ಹುಯ್ದು, ಕಾಗದದಂತೆ ತೆಳ್ಳಗೆ ಎಳೆಯದೆ, ಕೊಂಚ ದಪ್ಪವಾಗಿಯೇ ಹರಡುತ್ತಾರೆ. ಮೇಲ್ಭಾಗದಲ್ಲಿ ಸಣ್ಣ ಸಣ್ಣ ಕಣ್ಣುಗಳು ಬಿಡುತ್ತವೆ. ಆಗ ಬೆಣ್ಣೆ ಬೀಳುತ್ತದೆ. ಬೆಣ್ಣೆಯು ಎಣ್ಣೆಯಂತೆ ಬರಿಯ ಕೊಬ್ಬಲ್ಲ; ಅದರಲ್ಲಿ ನೀರಿನ ಅಂಶವೂ ಹಾಲಿನ ಘನಪದಾರ್ಥಗಳೂ ಇವೆ. ನೀರು ಚುರುಗುಟ್ಟುತ್ತ ಆವಿಯಾಗಿ ಹೋಗುತ್ತದೆ. ಹಾಲಿನ ಅಂಶವು ಕೆಂಪಗಾಗಿ, ಬೀದಿಯ ಆ ತುದಿಯವರೆಗೂ ಹಬ್ಬುವ ಪರಿಮಳವನ್ನು ಕೊಡುತ್ತದೆ. ಉರಿ ಹೆಚ್ಚಾದರೆ ಅದೇ ಅಂಶವು ಕರಕಾಗಿ ಕಹಿಯಾಗುತ್ತದೆ. ಸೌದೆಯ ಒಲೆಯಲ್ಲಿ ಉರಿಯನ್ನು ತಿರುಗಿಸಲು ಗುಂಡಿಯಿಲ್ಲ. ಕೊಳ್ಳಿಯನ್ನು ಒಳಕ್ಕೆ ನೂಕಬೇಕು, ಇಲ್ಲವೇ ಹೊರಕ್ಕೆ ಎಳೆಯಬೇಕು. ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಏಳುವ ಸದ್ದಿನಿಂದಲೇ ಅದರ ಕಾವನ್ನು ತಿಳಿಯಬೇಕು. ಅರಿಸಿನವಿಲ್ಲದ ಬಿಳಿಯ ಆಲೂಗೆಡ್ಡೆಯ ಪಲ್ಯ, ತೆಂಗಿನಕಾಯಿಯ ಚಟ್ನಿ, ದೋಸೆಯ ಮೇಲೊಂದು ಬೆಣ್ಣೆಯ ಮುದ್ದೆ: ಇಷ್ಟೇ ಅದರ ಪರಿವಾರ. ಇದನ್ನೆಲ್ಲ ಬರೆದಿಟ್ಟರೂ ಬರೆದದ್ದನ್ನು ಓದಿ ಮಾಡಿದವನ ಮೊದಲ ದೋಸೆಯು ಕಾವಲಿಗೆ ಅಂಟಿಕೊಳ್ಳುವುದು ನಿಶ್ಚಯ.

1944ರಲ್ಲಿ ಚೆನ್ನಮ್ಮನವರ ಮಗ ಶಾಂತಪ್ಪನವರು ವಸಂತ ಚಿತ್ರಮಂದಿರದ ಬಳಿ ಬೆಣ್ಣೆದೋಸೆಯ ಹೋಟೆಲನ್ನು ತೆರೆದರು. ಬೀದಿಯ ಒಲೆಯು ಸೂರಿನ ಕೆಳಗೆ ಬಂದಿತು. ಅದು ಎರಡನೆಯ ಮಹಾಯುದ್ಧದ ಕಾಲವೆಂಬುದನ್ನು ನೆನೆಯಬೇಕು. 1942ರಲ್ಲಿ ಬರ್ಮಾ ದೇಶವು ಜಪಾನಿನ ವಶವಾದುದರಿಂದ ಅಲ್ಲಿನ ಅಕ್ಕಿಯು ಭಾರತಕ್ಕೆ ಬರುವುದು ನಿಂತು, ದೇಶದಲ್ಲೆಲ್ಲ ಧಾನ್ಯದ ಅಭಾವವಿದ್ದ ದಿನಗಳು. ಅಂತಹ ಸಮಯದಲ್ಲಿ ಅಕ್ಕಿಯ ತಿಂಡಿಯನ್ನು ನಂಬಿ ಬಾಗಿಲು ತೆರೆಯುವುದಕ್ಕೆ ಧೈರ್ಯ ಬೇಕು. ಇನ್ನೊಬ್ಬ ಮಗ ಮಹಾದೇವಪ್ಪನವರೂ ತಮ್ಮದೇ ಆದ ಹೋಟೆಲನ್ನು ನಡೆಸಿದರು. ಒಂದು ಒಲೆಯು ಎರಡಾಯಿತು. ಶಾಂತಪ್ಪನವರ ಬಳಿಕ ಅವರ ಮಕ್ಕಳು ಅದೇ ಕಸುಬನ್ನು ಮುಂದುವರಿಸಿದರು. ಜಮೀನನ್ನು ಪಾಲು ಮಾಡಿದರೆ ಪ್ರತಿಯೊಬ್ಬನ ಪಾಲೂ ಚಿಕ್ಕದಾಗುತ್ತದೆ. ಕಸುಬನ್ನು ಪಾಲು ಮಾಡಿಕೊಂಡ ಮಕ್ಕಳಲ್ಲಿ ಪ್ರತಿಯೊಬ್ಬನಿಗೂ ಅದು ಇಡಿಯಾಗಿಯೇ ಸಿಗುತ್ತದೆ. ಆಸ್ತಿಗಳಲ್ಲಿ ಇದೊಂದು ವಿಚಿತ್ರವಾದ ಆಸ್ತಿ.

ಆದರೆ ಹೆಸರಿನ ವಿಷಯ ಹಾಗಲ್ಲ. ‘ದಾವಣಗೆರೆ ಬೆಣ್ಣೆದೋಸೆ’ ಎಂಬುದರಲ್ಲಿ ಊರಿನ ಹೆಸರಿದೆ, ವಸ್ತುವಿನ ಹೆಸರಿದೆ, ಚೆನ್ನಮ್ಮನ ಹೆಸರಿಲ್ಲ. ಊರಿನ ಹೆಸರನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಆದುದರಿಂದಲೇ ದಾವಣಗೆರೆಯನ್ನು ಕಾಣದವರೂ ಬೆಂಗಳೂರಿನಲ್ಲಿ ಆ ಫಲಕವನ್ನು ತೂಗುಹಾಕಿದ್ದಾರೆ. ಇದರಿಂದ ಮೂಲದ ಮನೆತನಕ್ಕೆ ಅನ್ಯಾಯವಾಯಿತೆಂದು ಹೇಳುವವರುಂಟು. ಹಾಗೆ ಹರಡದೆ ಇದ್ದಿದ್ದರೆ ಆ ತಿಂಡಿಯು ಇಷ್ಟು ಜನರ ಅನ್ನದ ದಾರಿಯಾಗುತ್ತಿರಲಿಲ್ಲವೆಂಬುದೂ ಸತ್ಯ. ನನಗೆ ತೋರುವಂತೆ ಎರಡನೆಯ ಮಾತಿಗೇ ತೂಕ ಹೆಚ್ಚು. ಆದರೆ ಫಲಕದ ಒಂದು ಮೂಲೆಯಲ್ಲಾದರೂ ಆ ತಾಯಿಯ ಹೆಸರಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಮದ್ದೂರಿನ ವಡೆಯ ಕಥೆಯೂ ಇಂತಹುದೇ. 1917ರ ಸುಮಾರಿನಲ್ಲಿ ಮದ್ದೂರು ರೈಲುನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬುವರು, ರೈಲು ವೇಳೆಗೆ ಮುಂಚೆಯೇ ಬಂದುಬಿಟ್ಟುದರಿಂದ ಹಿಟ್ಟನ್ನು ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ ಕರಿದರಂತೆ. ಅಲ್ಲಿಯೂ ಊರಿನ ಹೆಸರು ಉಳಿಯಿತು. ವಡೆ ತಿನ್ನುವವರು ಬುಧ್ಯರನ್ನು ನೆನೆಯುವುದು ಅಪರೂಪ.

ಇನ್ನು ಕಡೂರು, ತರೀಕೆರೆ, ಅಜ್ಜಂಪುರಗಳಿಗೆ ಮರಳೋಣ. ಇಲ್ಲಿನ ಬಸ್ ನಿಲ್ದಾಣಗಳ ಬಳಿ, ಸಂತೆಯ ಬೀದಿಗಳಲ್ಲಿ ಸಂಜೆಯಾಗುತ್ತಲೇ ತಳ್ಳುಗಾಡಿಗಳು ಬಂದು ನಿಲ್ಲುತ್ತವೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಇಡ್ಲಿ, ದೋಸೆ. ಗಾಡಿಯ ಮುಂದೆ ನಿಂತಿರುವವನು ಒಬ್ಬನೇ ಆದರೂ ದುಡಿಯುವವರು ಮನೆಮಂದಿಯೆಲ್ಲ. ಮಧ್ಯಾಹ್ನ ಅಕ್ಕಿ ನೆನೆಹಾಕುವವಳು ಹೆಂಡತಿ. ಅಜ್ಜಂಪುರದ ಕಪ್ಪುಮಣ್ಣಿನ ಈರುಳ್ಳಿಯನ್ನು ಕಣ್ಣೀರಿಡುತ್ತ ಹೆಚ್ಚುವವಳು ಅತ್ತೆ. ಶಾಲೆಯಿಂದ ಬಂದು ತಟ್ಟೆ ತೊಳೆಯುವವರು ಮಕ್ಕಳು. ಲೆಕ್ಕದ ಪುಸ್ತಕದಲ್ಲಿ ಇವರಾರ ಕೂಲಿಯೂ ಸೇರುವುದಿಲ್ಲ. ಬೀದಿಯ ತಿಂಡಿಯು ಅಗ್ಗವಾಗಿರುವುದಕ್ಕೆ ಬಾಡಿಗೆಯಿಲ್ಲದಿರುವುದು ಒಂದು ಕಾರಣವಾದರೆ, ಈ ಬರೆಯದ ಕೂಲಿಯು ಅದಕ್ಕಿಂತ ದೊಡ್ಡ ಕಾರಣ. ಗಂಡನು ಕಾಯಿಲೆ ಬಿದ್ದರೆ ಮರುದಿನ ಗಾಡಿಯನ್ನು ತಳ್ಳಿಕೊಂಡು ಹೆಂಡತಿಯು ಬರುತ್ತಾಳೆ. ಅವಳಿಗೆ ಕೆಲಸವನ್ನು ಹೊಸದಾಗಿ ಕಲಿಯುವ ಅಗತ್ಯವಿರುವುದಿಲ್ಲ. ಅಗತ್ಯವಿರುವುದು ಗಾಡಿ ನಿಲ್ಲಿಸಲು ಅದೇ ಜಾಗ.

ಜಾಗದ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಹತ್ತು ಹದಿನೈದು ವರ್ಷ ಒಂದೇ ಮರದ ಕೆಳಗೆ ಗಾಡಿಯನ್ನು ನಿಲ್ಲಿಸಿದವನಿಗೂ ಆ ಮರದ ನೆರಳಿನ ಮೇಲೆ ಹಕ್ಕಿರಲಿಲ್ಲ. ರಸ್ತೆ ಅಗಲವಾದಾಗ, ನಿಲ್ದಾಣವು ಸ್ಥಳಾಂತರಗೊಂಡಾಗ ಅವನ ವ್ಯಾಪಾರವು ಒಂದೇ ದಿನದಲ್ಲಿ ಅಳಿಸಿಹೋಗುತ್ತಿತ್ತು. ಪಕ್ಕಾ ಗಿರಾಕಿಗಳೂ ಚೆದರಿಹೋಗುತ್ತಿದ್ದರು. ಈ ಸ್ಥಿತಿಯನ್ನು ಸರಿಪಡಿಸುವುದಕ್ಕಾಗಿ 2014ರಲ್ಲಿ ಭಾರತದ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯದ ರಕ್ಷಣೆಗೆ ಕಾಯಿದೆಯೊಂದನ್ನು ಮಾಡಿತು. ಊರಿನ ಜನಸಂಖ್ಯೆಯ ಶೇಕಡ 2.5ರ ಮಿತಿಯೊಳಗೆ ಬೀದಿ ವ್ಯಾಪಾರಿಗಳಿಗೆ ಸ್ಥಳಾವಕಾಶ ಕೊಡಬೇಕು. ಅವರ ಸಮೀಕ್ಷೆಯನ್ನು ನಡೆಸಬೇಕು. ವ್ಯಾಪಾರದ ಪ್ರಮಾಣಪತ್ರವನ್ನು ನೀಡಬೇಕು. ಇದನ್ನೆಲ್ಲ ನೋಡಿಕೊಳ್ಳುವ ಪಟ್ಟಣ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು ಎಂಬುದು ಅದರ ವಿಧಿ. ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಮಾತೂ ಅದರಲ್ಲಿದೆ. ಪ್ರಮಾಣಪತ್ರವನ್ನು ಪಡೆದ ವ್ಯಾಪಾರಿಯು ತೀರಿಕೊಂಡರೆ, ಕಾಯಿಲೆ ಬಿದ್ದರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ, ಅವನ ಹೆಂಡತಿ ಅಥವಾ ಅವನನ್ನು ಅವಲಂಬಿಸಿದ ಮಗ ಇಲ್ಲವೇ ಮಗಳು ಆ ಸ್ಥಳದಲ್ಲಿ ವ್ಯಾಪಾರವನ್ನು ಮುಂದುವರಿಸಬಹುದು. ಆದರೆ ಪ್ರಮಾಣಪತ್ರದ ಅವಧಿ ಮುಗಿಯುವವರೆಗೆ ಮಾತ್ರ. 2020ರಲ್ಲಿ ಕೊರೋನಾ ಸಾಂಕ್ರಾಮಿಕದಿಂದ ಬೀದಿಗಳು ಬರಿದಾಗಿ ಗಾಡಿಗಳು ಮನೆಯ ಮುಂದೆ ನಿಂತುಹೋದಾಗ, ಈ ವ್ಯಾಪಾರಿಗಳು ಮತ್ತೆ ಚೇತರಿಸಿಕೊಳ್ಳಲೆಂದು ಕೇಂದ್ರ ಸರ್ಕಾರವು ಮೊದಲ ಕಂತಿನಲ್ಲಿ 10,000 ರೂಪಾಯಿಗಳವರೆಗೆ ಸಾಲ ಕೊಡುವ ಯೋಜನೆಯನ್ನು ಆರಂಭಿಸಿತು. ಚೆನ್ನಮ್ಮನವರ ಕಾಲದಲ್ಲಿ ಇಂತಹ ಕಾಯಿದೆಯೂ ಇರಲಿಲ್ಲ, ಸಾಲವೂ ಇರಲಿಲ್ಲ.

ಮಕ್ಕಳು ಮುಂದುವರಿಸಲಿ ಎಂಬುದು ನೋಡುವವರ ಆಸೆ. ಗಾಡಿಯ ಒಡೆಯನ ಆಸೆಯು ಅನೇಕ ವೇಳೆ ಬೇರೆಯೇ ಆಗಿರುತ್ತದೆ. ಉರಿಯ ಮುಂದೆ ದಿನವೂ ಐದಾರು ಗಂಟೆ ನಿಲ್ಲುವ ಕಷ್ಟವನ್ನು ಬಲ್ಲವನು ಮಗನು ಓದಿ ನೌಕರಿ ಹಿಡಿಯಲೆಂದು ಬಯಸಿದರೆ ತಪ್ಪೇನು? ಹೀಗೆ ಎಷ್ಟೋ ಒಳ್ಳೆಯ ಕೈಗಳು ಒಂದೇ ತಲೆಮಾರಿಗೆ ನಿಂತುಹೋಗಿವೆ. ಇನ್ನು ಕೆಲವೆಡೆ ಓದಿದ ಮಗನೇ ಮರಳಿ ಬಂದು ಕಾವಲಿಯ ಮುಂದೆ ನಿಂತದ್ದೂ ಉಂಟು. ಕಲ್ಲಿನ ಒರಳು ಹೋಗಿ ವಿದ್ಯುತ್ತಿನ ಯಂತ್ರ ಬಂದಿದೆ. ಸೌದೆ ಹೋಗಿ ಹಲವೆಡೆ ಅನಿಲದ ಒಲೆ ಬಂದಿದೆ. ಚಿಲ್ಲರೆಗೆ ಬದಲಾಗಿ ಗಾಡಿಯ ಗಾಜಿನ ಮೇಲೆ ಹಣ ಪಾವತಿಯ ಚೌಕಾಕಾರದ ಗುರುತನ್ನು ಅಂಟಿಸಲಾಗಿದೆ. ಹಿಟ್ಟು ಹುದುಗುವುದಕ್ಕೆ ಬೇಕಾದ ರಾತ್ರಿಯನ್ನು ಮಾತ್ರ ಯಾವ ಯಂತ್ರವೂ ಚಿಕ್ಕದು ಮಾಡಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಕಡೂರಿನ ಬೀದಿಯಲ್ಲಿ ಕೊನೆಯ ತಟ್ಟೆಗಳು ತೊಳೆಯಲ್ಪಡುತ್ತವೆ. ಕಾವಲಿಯನ್ನು ಉಜ್ಜಿ ಒರಸಿ, ಮಗುಚಿ ಹಾಕಿ, ಗಾಡಿಯನ್ನು ಮನೆಯ ಕಡೆಗೆ ತಳ್ಳುತ್ತಾರೆ. ಮನೆಯಲ್ಲಿ ಅಷ್ಟರಲ್ಲೇ ಅಕ್ಕಿಯನ್ನು ರುಬ್ಬಿ ಮುಗಿಸಿದ ತಾಯಿಯು ಹಿಟ್ಟಿನೊಳಕ್ಕೆ ಮೊಣಕೈಯವರೆಗೆ ಕೈಯಿಳಿಸಿ ಕಲಸುತ್ತಿರುತ್ತಾಳೆ. ಪಕ್ಕದಲ್ಲಿ ನಿಂತ ಮಗಳು ಉಪ್ಪನ್ನು ಎಷ್ಟು ಹಾಕಬೇಕೆಂದು ಕೇಳುತ್ತಾಳೆ. ತಾಯಿಯು ಅಳತೆಯನ್ನು ಹೇಳುವುದಿಲ್ಲ. ಹುಡುಗಿಯ ಅಂಗೈಯನ್ನು ಬಿಡಿಸಿ ಅದರಲ್ಲಿ ಉಪ್ಪನ್ನು ಹಾಕಿ ತೋರಿಸುತ್ತಾಳೆ.